ಥೈರಾಯ್ಡ್ ಮಾತ್ರೆ ಮತ್ತು ಮೂಳೆಯ ಆರೋಗ್ಯ: ಹಿರಿಯ ಶ್ರಾವಿಕೆಯರು ತಿಳಿದಿರಬೇಕಾದ ಸಂಗತಿಗಳು

ಉಡುಪಿ, ಕಾಪು, ಕಾರ್ಕಳ ಕಡೆಯ ಹಲವು ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಅಮ್ಮನೋ ಅಜ್ಜಿಯೋ ನುಂಗುವ ಮೊದಲ ಮಾತ್ರೆ ಥೈರಾಯ್ಡಿನದು. ವರ್ಷಗಟ್ಟಲೆ ಇದನ್ನು ನುಂಗಿದರೆ ಮೂಳೆ ಸವೆಯುತ್ತದೆಯೇ ಎಂಬ ಸಂಶಯ ಅನೇಕರಿಗಿದೆ. ಸರಿಯಾದ ಪ್ರಮಾಣದಲ್ಲಿದ್ದರೆ ಇದರಿಂದ ಮೂಳೆಗೆ ಭಯವಿಲ್ಲ. ಅಗತ್ಯಕ್ಕಿಂತ ಹೆಚ್ಚಾದರೆ ಮಾತ್ರ ತೊಂದರೆ.

ಸಂಬಂಧ ಏನು?

ನಮ್ಮ ಮೂಳೆ ಸದಾ ಕರಗುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಕಟ್ಟುವುದಕ್ಕಿಂತ ಕರಗುವುದೇ ಬೇಗ ನಡೆಯುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ನಿನ ರಕ್ಷಣೆಯೂ ಕಡಿಮೆಯಾಗುವುದರಿಂದ ಹಿರಿಯ ಮಹಿಳೆಯರಿಗೆ ಇದರ ಪೆಟ್ಟು ಹೆಚ್ಚು. ಸೊಂಟ, ಮಣಿಕಟ್ಟು, ಬೆನ್ನೆಲುಬು ಸಣ್ಣ ಬೀಳುವಿಕೆಗೂ ಮುರಿಯಬಹುದು. ಹೃದಯದ ಬಡಿತವೂ ಏರುಪೇರಾಗಬಹುದು.

ಪ್ರಮಾಣ ಹೆಚ್ಚಾಗಿದೆಯೇ ಎಂದು ತಿಳಿಸುವುದು ಟಿಎಸ್‌ಎಚ್ ರಕ್ತ ಪರೀಕ್ಷೆ. ಮಾತ್ರೆ ಹೆಚ್ಚಾದರೆ ಟಿಎಸ್‌ಎಚ್ ಇಳಿಯುತ್ತದೆ. ಸಾಮಾನ್ಯವಾಗಿ 0.4ರಿಂದ 4ರ ಒಳಗಿದ್ದರೆ ಸರಿ. 70 ದಾಟಿದವರಲ್ಲಿ ಸ್ವಲ್ಪ ಹೆಚ್ಚಿದ್ದರೂ ವೈದ್ಯರು ಒಪ್ಪುತ್ತಾರೆ. 0.1ಕ್ಕಿಂತ ಕಡಿಮೆ ಬಹುಕಾಲ ಉಳಿದರೆ ಮೂಳೆ, ಹೃದಯ ಎರಡಕ್ಕೂ ಅಪಾಯ. ವಯಸ್ಸಾದಂತೆ, ತೂಕ ಇಳಿದಂತೆ ದೇಹಕ್ಕೆ ಬೇಕಾದ ಪ್ರಮಾಣವೂ ಇಳಿಯುತ್ತದೆ. 50ರ ವಯಸ್ಸಿನಲ್ಲಿ ಸರಿಯಾಗಿದ್ದ ಮಾತ್ರೆ 70ರಲ್ಲಿ ಹೆಚ್ಚಾಗುವುದು ಹೀಗೆ.

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ವೈದ್ಯರು ಬೇಕೆಂದೇ ಟಿಎಸ್‌ಎಚ್ ಇಳಿಸಿರುತ್ತಾರೆ. ಆದ್ದರಿಂದ ಯಾರೂ ತಾವಾಗಿ ಮಾತ್ರೆ ಕಡಿಮೆ ಮಾಡಬಾರದು, ನಿಲ್ಲಿಸಲೂಬಾರದು.

ವ್ರತ, ನಿಯಮ ಮತ್ತು ಮಾತ್ರೆ

ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಬಿಡಬೇಕು. ಮಾತ್ರೆ ನುಂಗಿ ಬಸದಿಗೆ ಹೋಗಿ ದರ್ಶನ, ಅಭಿಷೇಕ ಮುಗಿಸಿ ಬರುವವರಿಗೆ ಈ ಅಂತರ ತಾನಾಗಿ ಸಿಗುತ್ತದೆ. ದರ್ಶನಕ್ಕೆ ಮೊದಲು ಏನನ್ನೂ ಸೇವಿಸದವರು ಬಂದ ಮೇಲೆ ಮಾತ್ರೆ ತೆಗೆದುಕೊಂಡು ತಿಂಡಿಯನ್ನು ತಡಮಾಡಿದರಾಯಿತು. ಸೂರ್ಯಾಸ್ತದ ಮೊದಲೇ ಊಟ ಮುಗಿಸುವವರು, ರಾತ್ರಿ ನೀರು ಮತ್ತು ಔಷಧಿಯ ತ್ಯಾಗವಿಲ್ಲದಿದ್ದರೆ, ವೈದ್ಯರನ್ನು ಕೇಳಿ ಮಲಗುವ ಮುನ್ನ ತೆಗೆದುಕೊಳ್ಳಬಹುದು.

ಈ ಔಷಧಿ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಒಂದು ದಿನದ ನಿರ್ಜಲ ಉಪವಾಸಕ್ಕೆ ಮಾತ್ರೆ ತಪ್ಪಿದರೆ ಗಾಬರಿ ಬೇಡ. ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಮಾಡುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದ್ದರಂತೂ ಕೇಳದೆ ಮಾಡಬಾರದು.

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ ನಡುವೆ 4 ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಔಷಧಿ ಸರಿಯಾಗಿ ಹೀರಲ್ಪಡುವುದಿಲ್ಲ.

ಮಾತ್ರೆಯ ಮೂಲ ನೋಡಿ

ಇಂದು ಸಾಮಾನ್ಯವಾಗಿ ಕೊಡುವ ಲೆವೊಥೈರಾಕ್ಸಿನ್ ಪ್ರಯೋಗಾಲಯದಲ್ಲಿ ತಯಾರಾದದ್ದು, ಪ್ರಾಣಿಯ ಗ್ರಂಥಿಯದಲ್ಲ. ಎಚ್ಚರ ಬೇಕಾದದ್ದು ಮೂಳೆಯ ಮಾತ್ರೆಗಳಲ್ಲಿ. ಕೆಲವು ಕ್ಯಾಲ್ಸಿಯಂ ಮಾತ್ರೆಗಳು ಸಿಂಪಿಯ ಚಿಪ್ಪಿನಿಂದ ಬರುತ್ತವೆ. ಹಲವು ವಿಟಮಿನ್ ಡಿ ಕ್ಯಾಪ್ಸೂಲುಗಳ ಹೊರಕವಚ ಜೆಲಾಟಿನ್‌ನದು. ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಸಾಮಾನ್ಯವಾಗಿ ಯೀಸ್ಟಿನಿಂದ ತಯಾರಾಗುವ ಡಿ2, ಕಲ್ಲುಹೂವಿನಿಂದ ತೆಗೆದ ಡಿ3 ಕೂಡ ಇವೆ. ಚೀಟಿ ಬರೆಯುವಾಗಲೇ ವೈದ್ಯರಿಗೆ ನಿಯಮ ತಿಳಿಸಿ, ಪರ್ಯಾಯ ಕೇಳಿದರೆ ಔಷಧಿ ಬಿಡುವ ಪ್ರಸಂಗ ಬರುವುದಿಲ್ಲ.

ಆಹಾರ ಮತ್ತು ನಡಿಗೆ

ಮುಟ್ಟು ನಿಂತ ಮಹಿಳೆಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ 240ರಷ್ಟು ಸಿಗುತ್ತದೆ. ಮೊಸರು, ಎಳ್ಳು, ಹುರುಳಿಯೂ ಒಳ್ಳೆಯವು. ಕಂದಮೂಲ ಬಿಟ್ಟವರಿಗೆ ಇದರಿಂದ ಏನೂ ಕೊರತೆಯಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಕರಾವಳಿಯಲ್ಲಿ ಬಿಸಿಲು ಕಡಿಮೆ. ವಿಟಮಿನ್ ಡಿ ಪರೀಕ್ಷೆ ಬೇಕೇ ಎಂದು ಕೇಳಿ. ಪಾಚಿ ಹಿಡಿದ ಅಂಗಳ, ಒದ್ದೆ ಬಚ್ಚಲು, ಬಸದಿಯ ನುಣುಪು ಕಲ್ಲಿನ ಮೆಟ್ಟಿಲು ಜಾರಿ ಬೀಳುವ ಜಾಗಗಳು. ಮೂಳೆ ದುರ್ಬಲವಾಗಿರುವವರು ಕಾರ್ಕಳದ ಗೊಮ್ಮಟ ಬೆಟ್ಟ ಹತ್ತುವಾಗ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಲಿ.

ಪರೀಕ್ಷೆ

ಟಿಎಸ್‌ಎಚ್ ಪರೀಕ್ಷೆ ಊರಿನ ಸಾಮಾನ್ಯ ಲ್ಯಾಬಿನಲ್ಲೇ ಆಗುತ್ತದೆ. ಪ್ರಮಾಣ ಬದಲಾದರೆ 6ರಿಂದ 8 ವಾರಕ್ಕೆ, ಅನಂತರ ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. 65 ದಾಟಿದ ಮಹಿಳೆಯರು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವಿಚಾರಿಸಬೇಕು. ಅದರ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ದಿನ, ಖರ್ಚು ಕೇಳಿಕೊಂಡರೆ ಕಾಪು, ಕಾರ್ಕಳದವರಿಗೆ ಸುಮ್ಮನೆ ಓಡಾಟ ತಪ್ಪುತ್ತದೆ.

ಮನೆಯ ಹಿರಿಯರ ಕೊನೆಯ ಟಿಎಸ್‌ಎಚ್ ವರದಿ ಯಾವಾಗಿನದು ಎಂದು ಮಕ್ಕಳು, ಸೊಸೆಯಂದಿರು ಒಮ್ಮೆ ತೆಗೆದು ನೋಡಲಿ. ವರ್ಷ ದಾಟಿದ್ದರೆ ಈ ವಾರವೇ ಮಾಡಿಸಿ, ವರದಿ ಹಿಡಿದು ವೈದ್ಯರನ್ನು ಕಾಣಲಿ.