ಅಂಪೈರ್ ಕಾಣದ ಟಚ್

ನಮ್ಮ ಗುಂಡ್ಲುಪೇಟೆ ಕಡೆ ಅರಿಶಿನ ಬೇಯಿಸುವ ಒಲೆ ಆರುವ ಹೊತ್ತಿಗೆ ಕಬಡ್ಡಿ ಪೋಸ್ಟರ್‌ಗಳು ಶುರುವಾಗುತ್ತವೆ. ಮೊದಲು ಗೋಡೆ ಮೇಲೆ, ಈಗ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ. ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ತೂಕ 60 ಕೆ.ಜಿ. ಒಳಗೆ, ಅಂಪೈರ್ ತೀರ್ಮಾನವೇ ಅಂತಿಮ.’ ಈ ಕೊನೆಯ ಮಾತನ್ನು ಮಾತ್ರ ಯಾರೂ ನಂಬುವುದಿಲ್ಲ.

ಚಾಮರಾಜನಗರ ನಮಗೆ 30 ಚಿಲ್ಲರೆ ಕಿಲೋಮೀಟರ್, ತೆರಕಣಾಂಬಿ ಮೇಲೆ ಹೋಗಬೇಕು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ದೊಡ್ಡ ಕಚೇರಿಗಳೆಲ್ಲ ಅಲ್ಲಿ. ಹಾಗಾಗಿ ಆ ಊರಿನ ತಂಡ ಎದುರಿಗೆ ಬಂದರೆ ನಮ್ಮವರಿಗೆ ಎಲ್ಲಿಲ್ಲದ ಹುರುಪು. ‘ಮ್ಯಾಟ್ ಮೇಲೆ ಆಡೋರು ಬಂದ್ರು, ಮಂಡಿಗೆ ಮಣ್ಣಾದೀತು ಜ್ವಾಪಾನ’ ಎಂದು ನಮ್ಮವರು ಕೂಗಿದರೆ, ‘ಈರುಳ್ಳಿ ಕಿತ್ತು ಮುಗೀತಾ?’ ಎಂದು ಅವರು ಕೇಳುತ್ತಾರೆ.

ಕಬಡ್ಡಿಯಲ್ಲಿ ಜಗಳ ಹುಟ್ಟುವುದೇ ಟಚ್‌ನಿಂದ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ರೈಡ್‌ಗೆ ಇರುವುದು 30 ಸೆಕೆಂಡ್. ಆ ಗಡಿಬಿಡಿಯಲ್ಲಿ ಕಾಲ್ಬೆರಳ ತುದಿ ತಾಗಿತೋ ಇಲ್ಲವೋ ಎಂಬುದು ಖಂಡಿತವಾಗಿ ಗೊತ್ತಿರುವುದು ತಾಗಿಸಿಕೊಂಡವನಿಗೆ. ನಾವು ಬೀದಿಯಲ್ಲಿ ಆಡುತ್ತಿದ್ದ ಲಗೋರಿಯಲ್ಲೂ, ವಿದೇಶದವರ ಡಾಡ್ಜ್‌ಬಾಲ್‌ನಲ್ಲೂ ಇದೇ ಪಾಡು. ಚೆಂಡು ತಾಗಿದವನು ತಾನೇ ಹೊರಗೆ ನಡೆಯದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಒಂದು ಹಳ್ಳಿಯ ಪಂದ್ಯಾವಳಿಯ ಫೈನಲ್. ನಾವು 24, ಅವರು 23. ಅವರದು ಸತತ ಎರಡು ಖಾಲಿ ರೈಡ್ ಆಗಿತ್ತು, ಮೂರನೆಯದರಲ್ಲಿ ಪಾಯಿಂಟ್ ತರದಿದ್ದರೆ ರೈಡರ್ ಔಟ್. ಅವರ ರೈಡರ್ ಹಾವಿನ ಹಾಗೆ ಬಂದ, ಎಡ ಕಾರ್ನರ್ ಕಡೆ ಕಾಲು ಚಾಚಿದ, ಹಿಂದಿರುಗಿ ಟಚ್ ಎಂದು ಕೈ ಎತ್ತಿದ. ಅಂಪೈರ್ ತಲೆಯಾಡಿಸಿ ರೈಡರ್ ಔಟ್ ಎಂದರು. ನಮ್ಮ ಕಡೆ ಶಿಳ್ಳೆ, ತಮಟೆ. ಅಷ್ಟರಲ್ಲಿ ನಮ್ಮ ಎಡ ಕಾರ್ನರ್ ಕೈ ಎತ್ತಿ, ಯಾರನ್ನೂ ನೋಡದೆ ಗೆರೆ ದಾಟಿ ಹೋಗಿ ಕೂತ. 24–24. ಕೊನೆಯ ರೈಡ್‌ಗೆ ಹೋದ ನಮ್ಮವನನ್ನು ಅವರು ಸೊಂಟ ಹಿಡಿದು ಕೆಡವಿದರು. ಮೊದಲ ಬಹುಮಾನ 15,000 ಅವರದು, 8,000 ನಮ್ಮದು. ಜೆರ್ಸಿ ಪ್ರಿಂಟ್ ಮಾಡಿಸಿದ ಅಂಗಡಿಯ ಬಾಕಿ ಹಾಗೇ ಉಳಿಯಿತು.

‘ದೊಡ್ಡ ಹರಿಶ್ಚಂದ್ರ ಬಂದ ನೋಡ್ಲಾ’ ಎಂದು ನಮ್ಮೂರ ಹಿರಿಯರೇ ಅವನನ್ನು ಬೈದರು. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಟೆಂಪೊದಲ್ಲಿ ಅವನು ಹೇಳಿದ್ದು ಇಷ್ಟೇ: ‘ತಾಗಿದ್ದು ನಂಗೆ ಗೊತ್ತು ಕನ. ಅಂಪೈರ್‌ಗೆ ಗೊತ್ತಿಲ್ದಿದ್ರೆ ತಾಗ್ನಿಲ್ಲ ಅಂತಾಯ್ತದಾ?’

ದೊಡ್ಡ ಮಟ್ಟದಲ್ಲಿ ಏನಾಗುತ್ತದೆ ಎಂಬುದನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿದ್ದೇವೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ಫೈನಲ್. ಭಾರತ–ಇರಾನ್ 28–28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನಿನ ಆಟಗಾರರು ಬೆನ್ನಟ್ಟಿ ಬಂದರು. ಔಟ್ ಆದದ್ದು ಅವರೊಬ್ಬರೋ, ಹಿಂದೆ ಬಂದವರೂ ಸೇರಿಯೋ? ಹಳೆಯ ನಿಯಮ, ಹೊಸ ನಿಯಮ ಎಂದು ವಾದ ನಡೆದು ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ 33–29ರಲ್ಲಿ ನಾವು ಚಿನ್ನ ಗೆದ್ದೆವು. ಅಲ್ಲಿ ಕ್ಯಾಮೆರಾ ಇತ್ತು, ತೀರ್ಪುಗಾರರ ದಂಡೇ ಇತ್ತು. ನಮ್ಮಲ್ಲಿ ಇರುವುದು ನಾಲ್ಕು ಫ್ಲಡ್‌ಲೈಟ್, ಸೀಟಿ ಹಿಡಿದ ಒಬ್ಬ ಪಿ.ಟಿ. ಮೇಷ್ಟ್ರು. ಇಲ್ಲಿ ಮಾತಿಗೆ ಮಾತು ಬೆಳೆದರೆ ಕುರ್ಚಿ ಹಾರುತ್ತವೆ, ಮರುವರ್ಷ ಆ ಊರಲ್ಲಿ ಪಂದ್ಯಾವಳಿಯೇ ಇರುವುದಿಲ್ಲ. ಹಾಗೆ ನಿಂತುಹೋದ ಎರಡು ಊರು ನನಗೇ ಗೊತ್ತು.

ಆ ಫೈನಲ್ ಆದ ಮೇಲೆ ಒಂದು ಬದಲಾವಣೆ ಕಂಡಿತು. ನಮ್ಮ ರೈಡರ್ ಟಚ್ ಎಂದರೆ ಚಾಮರಾಜನಗರದವರು ಅಂಪೈರ್ ಮುಖ ನೋಡುವ ಮೊದಲು ತಮ್ಮ ಹುಡುಗನ ಮುಖ ನೋಡುತ್ತಾರೆ. ಅವನು ಹೂಂ ಎಂದರೆ ಮುಗಿಯಿತು. ಎಲ್ಲ ತಂಡಗಳೂ ಹೀಗಿಲ್ಲ, ಅವರೊಂದಿಗೆ ಆಡುವಾಗ ಮಾತ್ರ ಹೀಗೆ.

ಓದುವವರಲ್ಲಿ ಕೆಲವರಿಗೆ ಅನಿಸಬಹುದು, ಇದರಿಂದ ಕೆಲಸ ಸಿಗುತ್ತದಾ ಎಂದು. ಇಲ್ಲ. ಹಳ್ಳಿ ಪಂದ್ಯಾವಳಿಯ ಸರ್ಟಿಫಿಕೇಟ್ ಹಿಡಿದು ಕ್ರೀಡಾ ಕೋಟಾ ಕೇಳಲಾಗದು; ವಿಶ್ವವಿದ್ಯಾಲಯವನ್ನೋ ರಾಜ್ಯವನ್ನೋ ಪ್ರತಿನಿಧಿಸಿರಬೇಕು. ಅದು ನಮ್ಮಲ್ಲಿ ಯಾರಿಗೂ ದಕ್ಕಿಲ್ಲ. ನಮ್ಮ ಎಡ ಕಾರ್ನರ್ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಕೋಚಿಂಗ್‌ಗೆಂದು ಚಾಮರಾಜನಗರದಲ್ಲಿ ರೂಮು ಮಾಡಿದ್ದಾನೆ, ಬೆಳಿಗ್ಗೆ ಐದಕ್ಕೆ ಜಿಲ್ಲಾ ಕ್ರೀಡಾಂಗಣದಲ್ಲಿ ಓಡುತ್ತಾನೆ. ಪಕ್ಕದಲ್ಲಿ ವಾಚ್ ಹಿಡಿದು ಓಡುವವನು ಅದೇ ರೈಡರ್. ಅವನೂ ಅರ್ಜಿ ಹಾಕುವವನೇ.

ಹಾಗೆಂದು ಪೈಪೋಟಿ ತಣ್ಣಗಾಗಿದೆ ಎಂದುಕೊಳ್ಳಬೇಡಿ. ಈ ಸಲದ ಪಂದ್ಯಾವಳಿಗೆ ತೂಕ 65 ಕೆ.ಜಿ. ಆಗಲಿ ಎಂದು ಅವರು, 60 ದಾಟಬಾರದು ಎಂದು ನಾವು, ಹದಿನೈದು ದಿನದಿಂದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಿತ್ತಾಡುತ್ತಿದ್ದೇವೆ. ಅವರ ರೈಡರ್ ಈಗ 63 ಇದ್ದಾನೆ. ಸುದ್ದಿ ಕೊಟ್ಟವನು ನಮ್ಮ ಎಡ ಕಾರ್ನರ್.