ದಾನಕ್ಕಿಲ್ಲದ ತೆರಿಗೆ ಬಡ್ಡಿಗೆ ಬರುವ ಬಗೆ

ಭಾರತದ ಆದಾಯ ತೆರಿಗೆ ಲೆಕ್ಕದಲ್ಲಿ ಗಂಡ ಬೇರೆ, ಹೆಂಡತಿ ಬೇರೆ. ಅಮೆರಿಕದಲ್ಲಿರುವ ಜಂಟಿ ರಿಟರ್ನ್ಸ್ ಇಲ್ಲಿಲ್ಲ. ಅವರವರ ಪ್ಯಾನ್, ಅವರವರ ಸ್ಲ್ಯಾಬ್. ಆದರೆ ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೋದ ಕ್ಷಣದಿಂದ ಕಾಯ್ದೆ ಇಬ್ಬರನ್ನೂ ಒಂದೇ ಮನೆಯವರೆಂದು ನೋಡತೊಡಗುತ್ತದೆ. 1961ರ ಕಾಯ್ದೆಯ 64ನೇ ಸೆಕ್ಷನ್ ಹೇಳುವುದು ಇದನ್ನೇ: ತಕ್ಕ ಬೆಲೆ ಪಡೆಯದೆ ಸಂಗಾತಿಗೆ ಕೊಟ್ಟ ಆಸ್ತಿಯಿಂದ ಹುಟ್ಟುವ ಆದಾಯ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಆಡಿಟರುಗಳ ಬಾಯಲ್ಲಿ ಇದು ‘ಕ್ಲಬ್ಬಿಂಗ್’. ಒಂದೇ ದುಡಿಮೆಯನ್ನು ಎರಡು ಹೆಸರಿಗೆ ಹಂಚಿ ಕೆಳಗಿನ ಸ್ಲ್ಯಾಬಿಗೆ ಇಳಿಸುವ ಜಾಣತನ ಹಳೆಯದು. ಅದಕ್ಕೆ ತಡೆ ಬ್ರಿಟಿಷರ ಕಾಲದ 1922ರ ಕಾಯ್ದೆಯಲ್ಲೇ ಸೇರಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲಿ ಸೆಕ್ಷನ್ನಿನ ಸಂಖ್ಯೆ ಬದಲಾಯಿತು, ನಿಯಮ ಉಳಿಯಿತು.

ಚೆನ್ನೈನ ಒಂದು ಮನೆಯ ಲೆಕ್ಕ ಹೀಗಿದೆ ಎಂದುಕೊಳ್ಳಬಹುದು. ಗಂಡನಿಗೆ ಓಎಂಆರ್ ರಸ್ತೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ವರ್ಷಕ್ಕೆ 28 ಲಕ್ಷ ರೂಪಾಯಿ ಸಂಬಳ. ಹೆಂಡತಿಗೆ ಸ್ವಂತ ಆದಾಯವಿಲ್ಲ. ಉಳಿತಾಯದ 20 ಲಕ್ಷವನ್ನು ಆತ ಅವಳ ಖಾತೆಗೆ ಹಾಕುತ್ತಾನೆ, ಅವಳು ಮೈಲಾಪುರದ ಬ್ಯಾಂಕಿನಲ್ಲಿ ಶೇ 7ರ ಬಡ್ಡಿಗೆ ಎಫ್‌ಡಿ ಇಡುತ್ತಾಳೆ. ವರ್ಷಕ್ಕೆ ಬಡ್ಡಿ 1,40,000. ಬ್ಯಾಂಕು ಶೇ 10ರಂತೆ 14,000 ರೂಪಾಯಿ ಟಿಡಿಎಸ್ ಹಿಡಿಯುತ್ತದೆ. ಹೊಸ ಪದ್ಧತಿಯಲ್ಲಿ 2025–26ನೇ ಸಾಲಿಗೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲವಾದ್ದರಿಂದ ಅವಳು ರಿಟರ್ನ್ಸ್ ಹಾಕುತ್ತಾಳೆ, 14,000 ವಾಪಸು ಬರುತ್ತದೆ. ಇಬ್ಬರಿಗೂ ಸಮಾಧಾನ. ಆದರೆ ಕಾಯ್ದೆಯ ಪ್ರಕಾರ ಆ ಬಡ್ಡಿ ಗಂಡನದು. ಅವನ ಸ್ಲ್ಯಾಬ್ ಶೇ 30, ಮೇಲೆ ಶೇ 4 ಸೆಸ್. ಕಟ್ಟಬೇಕಾದದ್ದು 43,680 ರೂಪಾಯಿ.

ಈ ತಪ್ಪಿಗೆ ದಂಪತಿಯನ್ನು ಪೂರ್ತಿ ದೂರುವಂತಿಲ್ಲ. ಸಂಗಾತಿ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅದು ನಿಜವೂ ಹೌದು. ಕೊಟ್ಟದ್ದಕ್ಕೆ ತೆರಿಗೆಯಿಲ್ಲ, ಅದು ದುಡಿದದ್ದಕ್ಕೆ ಉಂಟು ಎಂಬ ಎರಡನೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ. ರಿಟರ್ನ್ಸ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಕಂಪ್ಯೂಟರಿಗೂ ಇದು ಕಾಣದು. ಅದರ ಕಣ್ಣಿಗೆ ಬಡ್ಡಿ ಅವಳ ಪ್ಯಾನಿನಲ್ಲಿದೆ, ಟಿಡಿಎಸ್ ಅವಳ ಪ್ಯಾನಿನಲ್ಲಿದೆ, ಲೆಕ್ಕ ತಾಳೆಯಾಗಿದೆ. ಸುಳಿವು ಸಿಗುವುದು ಇನ್ನೊಂದು ಕಡೆ. ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕೂ ಹೆಚ್ಚು ಹೊಸ ಠೇವಣಿ ಇಟ್ಟವರ ವಿವರವನ್ನು ಬ್ಯಾಂಕುಗಳು ಇಲಾಖೆಗೆ ಕಳಿಸಬೇಕು. ಆದಾಯವಿಲ್ಲದವರ ಬಳಿ 20 ಲಕ್ಷ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಾಗ ‘ಯಜಮಾನರು ಕೊಟ್ಟರು’ ಎಂಬ ಪ್ರಾಮಾಣಿಕ ಉತ್ತರವೇ ಕ್ಲಬ್ಬಿಂಗ್‌ಗೆ ಸಾಕ್ಷಿ. ಆಗ ತೆರಿಗೆಯ ಜೊತೆಗೆ, ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ ಶೇ 1ರ ಬಡ್ಡಿ. ಆದಾಯ ಕಡಿಮೆ ತೋರಿಸಿದ್ದೆಂದು ಅಧಿಕಾರಿ ತೀರ್ಮಾನಿಸಿದರೆ ಆ ತೆರಿಗೆಯ ಅರ್ಧದಷ್ಟು ದಂಡ.

ಹಣದ ರೂಪ ಬದಲಿಸಿದರೆ ನಂಟು ಕಡಿಯುವುದಿಲ್ಲ. ಗಂಡ ಕೊಟ್ಟ ಹಣದಲ್ಲಿ ಟಿ. ನಗರದಲ್ಲಿ ಕೊಂಡ ಚಿನ್ನವನ್ನು ಹೆಂಡತಿ ಮುಂದೆ ಮಾರಿದರೆ ಬಂಡವಾಳ ಲಾಭವೂ ಗಂಡನ ಲೆಕ್ಕಕ್ಕೆ. ಉಡುಗೊರೆಯ ಷೇರು ಮಾರಿದ ಲಾಭದ ಬಗ್ಗೆ ಸೇವಂತಿಲಾಲ್ ಮಾಣೆಕ್‌ಲಾಲ್ ಸೇಠ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಹೀಗೆ ಹೇಳಿದೆ. ಮದುವೆಯ ದಿನಾಂಕ ಮಾತ್ರ ಮುಖ್ಯವಾಗುತ್ತದೆ. ಕಲ್ಕತ್ತದ ಫಿಲಿಪ್ ಜಾನ್ ಪ್ಲ್ಯಾಸ್ಕೆಟ್ ಥಾಮಸ್ ಮದುವೆಗೆ ಮುಂಚೆ, ನಿಶ್ಚಿತಾರ್ಥವಾದ ಹುಡುಗಿಗೆ ಷೇರುಗಳನ್ನು ಕೊಟ್ಟಿದ್ದರು. ಕೊಡುವಾಗಲೂ ಆದಾಯ ಬರುವಾಗಲೂ ಇಬ್ಬರೂ ಗಂಡ ಹೆಂಡತಿಯಾಗಿರಬೇಕು ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಥಾಮಸ್ ಗೆದ್ದರು. ತಾಳಿ ಕಟ್ಟುವ ಹಿಂದಿನ ದಿನಕ್ಕೂ ಮರುದಿನಕ್ಕೂ ತೆರಿಗೆಯಲ್ಲಿ ಇಷ್ಟು ಅಂತರ! ಇನ್ನೊಂದು ಸಣ್ಣ ರಿಯಾಯಿತಿ ಬಡ್ಡಿಯ ಮೇಲಿನ ಬಡ್ಡಿಗೆ. ಮೊದಲ ವರ್ಷದ 1,40,000ವನ್ನು ಅವಳು ಮತ್ತೆ ಠೇವಣಿ ಇಟ್ಟರೆ ಅದರಿಂದ ಬರುವ 9,800 ಅವಳದೇ ಆದಾಯ.

ವೇಳಚೇರಿಯ ಫ್ಲ್ಯಾಟನ್ನು ಹೆಂಡತಿಯ ಹೆಸರಿಗೆ ಸೆಟಲ್‌ಮೆಂಟ್ ಮಾಡಿಕೊಟ್ಟರೂ ಬಾಡಿಗೆಯ ಮಟ್ಟಿಗೆ ಗಂಡನೇ ಮಾಲೀಕ. ಶೇ 20ಕ್ಕೆ ಕಡಿಮೆಯಿಲ್ಲದ ಪಾಲಿರುವ ಸಂಸ್ಥೆಯಿಂದ ಸಂಗಾತಿಗೆ ಸಂಬಳ ಕೊಟ್ಟರೂ ಇದೇ ಕತೆ, ಆ ಕೆಲಸಕ್ಕೆ ಬೇಕಾದ ವೃತ್ತಿಪರ ಅರ್ಹತೆ ಅವರಿಗಿದ್ದು ಸಂಬಳ ಅದರ ಫಲವಾಗಿದ್ದರೆ ಮಾತ್ರ ವಿನಾಯಿತಿ. ಅತ್ತೆ ಸೊಸೆಗೆ ಕೊಟ್ಟ ಹಣದ ಬಡ್ಡಿ ಅತ್ತೆಯದು. ಇಲ್ಲಿ ಕಾಯ್ದೆ ಗಂಡನನ್ನು ಬಿಟ್ಟು ಅತ್ತೆಯನ್ನು ಹಿಡಿಯುತ್ತದೆ.

ಇಬ್ಬರೂ ದುಡಿಯುವ ಮನೆಗೆ ಬರುವ ಅನಿರೀಕ್ಷಿತ ಬಿಲ್ಲಿನ ಕಾರಣ ಇನ್ನೂ ಸಾದಾ. ಬ್ಯಾಂಕು ಹಿಡಿದದ್ದು ಶೇ 10, ಸ್ಲ್ಯಾಬ್ ಶೇ 30. ಟಿಡಿಎಸ್ ಕಟ್ಟಾಗಿದೆಯಲ್ಲ ಎಂದು ಸುಮ್ಮನಿದ್ದರೆ ಉಳಿದ ಶೇ 20 ಜುಲೈನಲ್ಲಿ ಎದುರಾಗುತ್ತದೆ. ಜಂಟಿ ಠೇವಣಿಯ ಬಡ್ಡಿ ಮೊದಲ ಹೆಸರಿನವರ ಪ್ಯಾನಿಗೆ ಹೋಗಿ ಕೂರುತ್ತದೆ, ಹಣ ಇಬ್ಬರದಾದರೂ.

ಸರಿಪಡಿಸುವ ದಾರಿಗಳಿವೆ. ಉಡುಗೊರೆಯ ಬದಲು ಬಡ್ಡಿ ಸಹಿತ ಸಾಲವೆಂದು ಬರೆದುಕೊಟ್ಟು, ಆ ಬಡ್ಡಿಯನ್ನು ನಿಜವಾಗಿ ಪಡೆದರೆ ಕ್ಲಬ್ಬಿಂಗ್ ಬಾರದು. ಪಿಪಿಎಫ್‌ನಲ್ಲಿ ಹಾಕಿದರೆ ಬಡ್ಡಿಗೇ ತೆರಿಗೆಯಿಲ್ಲ. ಎಫ್‌ಡಿ ಈಗಾಗಲೇ ಆಗಿದ್ದರೆ, ಆದಾಯ ಗಂಡನದೆಂದು ಹೆಂಡತಿ ಬ್ಯಾಂಕಿಗೆ ಘೋಷಣೆ ಕೊಟ್ಟು ಟಿಡಿಎಸ್ ಅವನ ಪ್ಯಾನಿಗೆ ಬೀಳುವಂತೆ ಮಾಡಬಹುದು. ಗಂಡ ಆ ಬಡ್ಡಿಯನ್ನು ಕಂಪನಿಗೆ ತಿಳಿಸಿದರೆ ಸಂಬಳದಲ್ಲೇ ತೆರಿಗೆ ಹಿಡಿಯುತ್ತಾರೆ. ಇಲ್ಲದಿದ್ದರೆ ಜೂನ್‌ನಿಂದ ಮಾರ್ಚ್ 15ರವರೆಗಿನ ನಾಲ್ಕು ಕಂತುಗಳಲ್ಲಿ ಮುಂಗಡ ತೆರಿಗೆ ಕಟ್ಟಬೇಕಾಗುತ್ತದೆ.