ಜಾಲಗಾರನ ದೋಣಿ

ರಾಗಿಯನ್ನು ಬೀಸುವ ಮೊದಲು ನೀರಿನಲ್ಲಿ ಜಾಲಿಸುವುದು ತುಮಕೂರು ಸೀಮೆಯ ಮನೆಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ರಾಗಿಗೆ ನೀರು ಹಾಕಿ ಪಾತ್ರೆಯನ್ನು ಮೆಲ್ಲನೆ ಅಲುಗಿಸಿ ಬಾಗಿಸಿದರೆ, ರಾಗಿಯು ನೀರಿನೊಡನೆ ಇನ್ನೊಂದು ಪಾತ್ರೆಗೆ ಸರಿದುಹೋಗುತ್ತದೆ. ಹರಳುಗಳು ತಳದಲ್ಲಿಯೇ ಉಳಿಯುತ್ತವೆ. ಇದೇ ತತ್ತ್ವವನ್ನು ಹಳ್ಳದ ಮಣ್ಣಿಗೆ ಅನ್ವಯಿಸಿ ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದವರನ್ನು ಜಾಲಗಾರರೆಂದು ಕರೆಯುತ್ತಿದ್ದರು. ಅಡುಗೆಮನೆಯಲ್ಲಿ ತಳದಲ್ಲುಳಿದುದನ್ನು ಎಸೆಯುತ್ತಾರೆ; ಜಾಲಗಾರನಾದರೋ ಅದನ್ನೇ ಕಾಪಾಡಿಕೊಳ್ಳುತ್ತಾನೆ.

ಕನ್ನಡ ನಾಡಿಗೆ ಈ ಕಸಬು ಹೊಸದಲ್ಲ. 1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು, ಕೋಲಾರ ಸೀಮೆಯ ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡನು. ಕಪ್ಪತಗುಡ್ಡದ ಹಳ್ಳಗಳಲ್ಲಿ ದುಡಿಯುತ್ತಿದ್ದ ಜಾಲಗಾರರ ಸಂಗತಿಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರ ತನ್ನ ವರದಿಯಲ್ಲಿ ತಿಳಿಸಿದನು. ತುಮಕೂರು ಜಿಲ್ಲೆಯೂ ಚಿನ್ನದ ಸೋಂಕಿಲ್ಲದ ನೆಲವಲ್ಲ. ಶಿರಾ ತಾಲ್ಲೂಕಿನ ಅಜ್ಜನಹಳ್ಳಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳ್ಳಾರ ಇವುಗಳ ಶಿಲೆಗಳಲ್ಲಿ ಚಿನ್ನವಿರುವುದು ಕಂಡುಬಂದಿದೆ. ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯು ಗಣಿಗಾರಿಕೆಯನ್ನೂ ನಡೆಸಿದ್ದಿತು.

ನೀರು ಚಿನ್ನವನ್ನು ಮರಳಿನಿಂದ ಬೇರ್ಪಡಿಸುವುದು ಹೇಗೆ? ಸಮಗಾತ್ರದ ನೀರಿಗಿಂತ ಸಾಧಾರಣ ಮರಳು ಸುಮಾರು 2.65 ಪಟ್ಟು ತೂಗುತ್ತದೆ, ಚಿನ್ನವು 19.3 ಪಟ್ಟು ತೂಗುತ್ತದೆ. ಎಂದರೆ ಗಾಳಿಯಲ್ಲಿ ಚಿನ್ನದ ಕಣವು ಅಷ್ಟೇ ಗಾತ್ರದ ಮರಳಿನ ಕಣಕ್ಕಿಂತ 7 ಪಟ್ಟಿಗೂ ಹೆಚ್ಚು ಭಾರ. ನೀರಿನಲ್ಲಿ ಮುಳುಗಿದ ವಸ್ತುವು ತನ್ನ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುತ್ತದೆಂಬ ಆರ್ಕಿಮಿಡೀಸನ ನಿಯಮದಂತೆ ಎರಡರಿಂದಲೂ ಒಂದೊಂದನ್ನು ಕಳೆದರೆ ಉಳಿಯುವುದು 1.65 ಮತ್ತು 18.3. ಆದುದರಿಂದ ನೀರಿನೊಳಗೆ ಈ ಅಂತರವು 11 ಪಟ್ಟಿಗೆ ಏರುತ್ತದೆ. ನೀರೇ ಜಾಲಗಾರನ ತಕ್ಕಡಿ.

ಕೈಯ ಮರಿಗೆಯಲ್ಲಿ ಜಾಲಿಸುವುದು ನಿಧಾನದ ಕೆಲಸ. ಆ ಶ್ರಮವನ್ನು ಕಡಿಮೆ ಮಾಡಲು ಮಾನವನು ಹಲಗೆಯ ದೋಣಿಯನ್ನು ರೂಪಿಸಿದನು. 1848ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತು ಜನಪ್ರವಾಹವು ಅತ್ತ ನುಗ್ಗಿದಾಗ ಇದರ ಬಳಕೆ ಬಹಳವಾಯಿತು. ಕೆಲವು ದೇಶಗಳಲ್ಲಿ ಹವ್ಯಾಸಿಗಳು ಇಂದಿಗೂ ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ಇದರ ರಚನೆ ಸರಳ. ತಳಕ್ಕೊಂದು, ಪಕ್ಕಕ್ಕೆರಡು ಹಲಗೆಗಳನ್ನು ಜೋಡಿಸಿ, ಎರಡು ತುದಿಗಳನ್ನೂ ತೆರೆದಿಡಬೇಕು. ತಳಕ್ಕೆ ಒರಟು ಕಂಬಳಿಯ ತುಂಡನ್ನು ಹಾಸಿ, ಅದರ ಮೇಲೆ ಮರದ ಸಣ್ಣ ಅಡ್ಡಪಟ್ಟಿಗಳನ್ನು ಕೂರಿಸಬೇಕು. ದೋಣಿಯನ್ನು ಓರೆಯಾಗಿಟ್ಟು ಮೇಲಿನ ತುದಿಯಿಂದ ನೀರನ್ನೂ ಮರಳನ್ನೂ ಬಿಟ್ಟರೆ, ಪ್ರತಿಯೊಂದು ಪಟ್ಟಿಯ ಹಿಂಬದಿಯಲ್ಲಿ ನೀರು ಸುಳಿದು ಒಂದು ಪುಟ್ಟ ಮಡುವಾಗುತ್ತದೆ. ಭಾರವಾದ ಕಣವು ಆ ಮಡುವಿನಲ್ಲಿಳಿದು ಕಂಬಳಿಯ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಗುರವಾದುದು ಪಟ್ಟಿಯನ್ನು ದಾಟಿ ಹೊರಟುಹೋಗುತ್ತದೆ.

ದೋಣಿಯನ್ನು ಮಾಡುವುದು ಸುಲಭ. ಅದನ್ನು ಸರಿಪಡಿಸುವುದೇ ವಿದ್ಯೆ. ಇಳಿಜಾರು ಕಡಿಮೆಯಾದರೆ ಪಟ್ಟಿಗಳ ಸಂದಿನಲ್ಲಿ ಮರಳು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಅನಂತರ ಬಂದ ಚಿನ್ನಕ್ಕೆ ಇಳಿಯಲು ಎಡೆಯಿರುವುದಿಲ್ಲ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಚಿನ್ನವೂ ಕೊಚ್ಚಿಹೋಗುತ್ತದೆ. ಒಂದು ಅಡಿ ಉದ್ದಕ್ಕೆ ಸುಮಾರು ಒಂದು ಅಂಗುಲದ ಇಳಿಜಾರಿನಿಂದ ಪ್ರಾರಂಭಿಸುವುದು ರೂಢಿ. ಮಣ್ಣಿನಲ್ಲಿ ಜೇಡಿ ಇದ್ದರೆ ಮೊದಲು ಅದನ್ನು ಕದಡಿ ಕರಗಿಸಬೇಕು. ಇಲ್ಲದಿದ್ದರೆ ಜೇಡಿಯ ಉಂಡೆಗಳು ಚಿನ್ನವನ್ನು ಅಂಟಿಸಿಕೊಂಡು ಹೊರಬೀಳುತ್ತವೆ. ದೊಡ್ಡ ಕಲ್ಲುಗಳನ್ನು ಜರಡಿಯಿಂದ ತೆಗೆಯಬೇಕು. ಅವು ಮಡುವಿನ ಸುಳಿಯನ್ನು ಕೆಡಿಸುತ್ತವೆ. ಮರಳನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಆದರೆ ದೋಣಿಯು ಸುಧಾರಿಸಿತೆಂಬುದನ್ನು ಅರಿಯುವುದು ಹೇಗೆ? ಇಲ್ಲಿಯೇ ಅನೇಕರು ಎಡವುತ್ತಾರೆ. ಅವರು ದೋಣಿಯಲ್ಲಿ ಉಳಿದುದನ್ನು ಕಂಡು ಹಿಗ್ಗುತ್ತಾರೆ. ಹೊರಗೆ ಹೋದುದನ್ನು ನೋಡುವುದೇ ಇಲ್ಲ. ಹತ್ತು ಕಣಗಳು ಸಿಕ್ಕಿದವೆಂದರೆ, ಬಂದ ಹನ್ನೆರಡರಲ್ಲಿ ಹತ್ತೇ, ನೂರರಲ್ಲಿ ಹತ್ತೇ ಎಂಬುದು ಕಂಬಳಿಯನ್ನು ನೋಡಿದ ಮಾತ್ರಕ್ಕೆ ತಿಳಿಯದು.

ಇದನ್ನು ಅರಿಯಲು ಚಿನ್ನವೇ ಬೇಕಾಗಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಗಳಲ್ಲಿ ಮಳೆಯ ನೀರು ಇಳಿದ ಮೇಲೆ ಬಿಳಿಯ ಮರಳಿನ ನಡುವೆ ಕಪ್ಪು ಗೆರೆಗಳು ಮೂಡಿರುತ್ತವೆ. ಅಯಸ್ಕಾಂತಕ್ಕೆ ಅಂಟುವ ಈ ಕಪ್ಪು ಮರಳಿನಲ್ಲಿ ಕಬ್ಬಿಣದ ಅಂಶವಿದೆ. ಭಾರವಾದುದರಿಂದ ಹಳ್ಳವೇ ಅದನ್ನು ಜಾಲಿಸಿ ಒಂದೆಡೆ ಇಟ್ಟಿರುತ್ತದೆ. ಶಾಲೆಯ ವಿದ್ಯಾರ್ಥಿಗಳು ಒಂದು ಬುಟ್ಟಿ ಮರಳನ್ನು ತಂದು, ಈ ಕಪ್ಪು ಕಣಗಳನ್ನು ಅಯಸ್ಕಾಂತದಿಂದ ತೆಗೆದುಬಿಡಬೇಕು. ಅನಂತರ ಸಣ್ಣ ಕಬ್ಬಿಣದ ತಂತಿಯನ್ನು ಎಳ್ಳಿನ ಗಾತ್ರಕ್ಕೆ ಕತ್ತರಿಸಿ, ಜಿಡ್ಡು ಹೋಗುವಂತೆ ಸಾಬೂನಿನಲ್ಲಿ ತೊಳೆದು, ಎಣಿಸಿ 100 ತುಣುಕುಗಳನ್ನು ಆ ಮರಳಿಗೆ ಬೆರೆಸಬೇಕು. ಜಿಡ್ಡಿದ್ದರೆ ಸಣ್ಣ ಕಣಗಳು ತೇಲಿಹೋಗುತ್ತವೆ. ಚಿನ್ನದ ಪುಡಿಗೂ ಇದೇ ಗತಿ. ದೋಣಿಯ ಬಾಯಿಗೆ ಅಗಲವಾದ ಬೋಗುಣಿಯನ್ನಿಟ್ಟು ಮರಳನ್ನು ಹಾಯಿಸಿ, ಹೊರಬಿದ್ದ ಮರಳಿನಲ್ಲಿರುವ ತುಣುಕುಗಳನ್ನು ಅಯಸ್ಕಾಂತದಿಂದ ಎತ್ತಿ ಎಣಿಸಬೇಕು. 30 ತುಣುಕುಗಳು ಹೊರಬಿದ್ದಿದ್ದರೆ ದೋಣಿಯು ನೂರಕ್ಕೆ 70ನ್ನು ಹಿಡಿದಂತಾಯಿತು.

ಈಗ ಇಳಿಜಾರನ್ನು ಮಾತ್ರ ಬದಲಿಸಿ ಮತ್ತೊಮ್ಮೆ ನೋಡಬೇಕು. ಅನಂತರ ನೀರಿನ ಪ್ರಮಾಣವನ್ನು, ಆಮೇಲೆ ಪಟ್ಟಿಗಳ ಅಂತರವನ್ನು ಬದಲಿಸಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ; ಇಲ್ಲವಾದರೆ ಲಾಭವಾದುದು ಯಾವುದರಿಂದ ಎಂಬುದು ತಿಳಿಯದು. ಕಬ್ಬಿಣವು ಚಿನ್ನದ ಅರ್ಧದಷ್ಟೂ ಭಾರವಿಲ್ಲ. ಆದುದರಿಂದ ಕಬ್ಬಿಣದ ತುಣುಕುಗಳನ್ನು ಹಿಡಿದಿಡುವ ದೋಣಿಯು ಅಷ್ಟೇ ಗಾತ್ರದ, ಅದೇ ಆಕಾರದ ಚಿನ್ನವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ಈ ಪ್ರಯೋಗವನ್ನು ಶಾಲೆಯ ಅಂಗಳದಲ್ಲಿಯೇ ಮಾಡುವುದು ಉಚಿತ. ನಮ್ಮ ದೇಶದಲ್ಲಿ ಗಣಿ ಮತ್ತು ಖನಿಜಗಳಿಗೆ ಸಂಬಂಧಿಸಿದ 1957ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಯಾರೂ ಚಿನ್ನಕ್ಕಾಗಿ ನೆಲವನ್ನು ಅಗೆಯುವಂತಿಲ್ಲ. ನಿಯಮಕ್ಕಿಂತಲೂ ಮಿಗಿಲಾದ ಕಾರಣವೂ ಇದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಕಡಬದ ಕೆರೆಗೂ ಮಾರ್ಕೋನಹಳ್ಳಿ ಜಲಾಶಯಕ್ಕೂ ನೀರು ತರುತ್ತದೆ. ಹೊಳೆಯ ಮರಳು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ನೆಲದೊಳಕ್ಕೆ ಇಳಿಸುತ್ತದೆ. ಅದನ್ನು ಬಗೆದು ತೆಗೆದರೆ ದಡದ ಬಾವಿಗಳು ಬತ್ತುತ್ತವೆ. ಕ್ಯಾಲಿಫೋರ್ನಿಯದಲ್ಲಿ ಚಿನ್ನವನ್ನು ಹಿಡಿಯಲೆಂದು ದೋಣಿಗಳಿಗೆ ಸುರಿದ ಪಾದರಸವು ಹೊಳೆಗಳ ಪಾಲಾಗಿ, ಒಂದೂವರೆ ಶತಮಾನ ಕಳೆದರೂ ಅಲ್ಲಿನ ಮೀನುಗಳಲ್ಲಿ ವಿಷವಾಗಿ ಕಾಣಿಸಿಕೊಳ್ಳುತ್ತಿದೆ. ಅಲ್ಲಿನ ಜನರು ದೋಣಿಯಲ್ಲಿ ಉಳಿದ ಚಿನ್ನವನ್ನು ತೂಗಿದರು. ನೀರಿನೊಡನೆ ಹೊರಗೆ ಹೋದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗಳಿಸಿದುದನ್ನು ಎಣಿಸುವುದು ಎಲ್ಲರಿಗೂ ಬರುತ್ತದೆ. ಕಳೆದುಹೋದುದನ್ನೂ ತಾಳ್ಮೆಯಿಂದ ಎಣಿಸಿ, ಅದರ ಕಾರಣವನ್ನು ಹುಡುಕಿ ತಿದ್ದಿಕೊಳ್ಳುವವನೇ ನಿಜವಾದ ಜಾಲಗಾರ. ದೋಣಿಯನ್ನು ಕಟ್ಟುವವನಿಗೂ ಹೊಳೆಯ ದಡದಲ್ಲಿ ಬಾಳುವ ಊರಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.